ನೀರು ಸೇರಬಾರದ ನಾಲ್ಕು ಜಾಗ: ಕಾರಿನ ದೊಡ್ಡ ಬಿಲ್ಲುಗಳ ಹಿಂದಿನ ವಿಜ್ಞಾನ



ನೀರು ಅಂದ್ರೆ ಜೀವ ಅಂತ ನಾವು ಜೀವಶಾಸ್ತ್ರದವರು ಹೇಳ್ತಾನೇ ಇರ್ತೀವಿ. ಆದರೆ ಇವತ್ತಿನ ಕಥೆಯಲ್ಲಿ ನೀರೇ ಖಳನಾಯಕ. ಕಾರಿಗೆ ಬರುವ ದೊಡ್ಡ ದೊಡ್ಡ ಬಿಲ್ಲುಗಳಲ್ಲಿ ಕೆಲವನ್ನು ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗುವುದು ಇಷ್ಟೇ: ಇರಬಾರದ ಜಾಗದಲ್ಲಿ ನೀರು. ಅಂಥ ನಾಲ್ಕು ಜಾಗಗಳನ್ನು ಇವತ್ತು ನೋಡೋಣ.

ಒಂದು: ಇಂಜಿನ್ ಆಯಿಲ್

ಆಯಿಲ್ ಒಳಗೆ ನೀರು ಎಲ್ಲಿಂದ ಬಂತು? ಮಳೆಯಿಂದ ಅಲ್ಲ, ಪೆಟ್ರೋಲಿನಿಂದಲೇ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ಉರಿದಾಗ ನೀರಾಗುತ್ತದೆ. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಮ್ಮಿ ಒಂದು ಲೀಟರ್ ನೀರು! ಇದರಲ್ಲಿ ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಕಾಣುವ ಬಿಳಿ ಹೊಗೆ ಅದೇ. ಆದರೆ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ.

ಇಂಜಿನ್ ಚೆನ್ನಾಗಿ ಬಿಸಿಯಾದರೆ ಈ ನೀರು ಆವಿಯಾಗಿ ಹೋಗುತ್ತದೆ, ತೊಂದರೆ ಇಲ್ಲ. ತೊಂದರೆ ಇರುವುದು ಐದೈದು ನಿಮಿಷದ ಓಡಾಟದಲ್ಲಿ. ಮಗುವನ್ನು ಶಾಲೆಗೆ ಬಿಟ್ಟು ವಾಪಸ್, ಅಂಗಡಿಗೆ ಹೋಗಿ ವಾಪಸ್. ಆಯಿಲ್ ಬಿಸಿಯಾಗುವುದಕ್ಕೆ ಇಂಜಿನ್ನಿನ ನೀರು ಬಿಸಿಯಾಗುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯಕ್ಕೆ ಬಂದಿದ್ದರೂ ಆಯಿಲ್ ಇನ್ನೂ ತಣ್ಣಗೇ ಇರಬಹುದು. ಉಳಿದ ನೀರು ದಹನದ ಅನಿಲಗಳ ಜೊತೆ ಸೇರಿ ಆಮ್ಲವಾಗುತ್ತದೆ. ಆಯಿಲ್ ಜೊತೆ ಕಡೆದುಕೊಂಡು, ಮಜ್ಜಿಗೆ ಕಡೆದಾಗ ತೇಲುವ ಬೆಣ್ಣೆಯ ಹಾಗೆ, ಕೆನೆಬಣ್ಣದ ಜಿಡ್ಡಾಗುತ್ತದೆ. ಕಾಲಕ್ರಮೇಣ ಇಂಥ ಜಿಡ್ಡು ಆಯಿಲ್ ಹೀರುವ ಜಾಲರಿಯನ್ನು ಮುಚ್ಚಿದರೆ ಬೇರಿಂಗುಗಳಿಗೆ ಆಯಿಲ್ ಸಿಗದೆ ಇಂಜಿನ್ನೇ ಜಾಮ್ ಆಗಬಹುದು.

"ನಾನು ಓಡಿಸೋದೇ ಕಮ್ಮಿ, ಆಯಿಲ್ ಯಾಕೆ ಬದಲಿಸಲಿ?" ಅನ್ನುವ ಲೆಕ್ಕ ತಪ್ಪಾಗುವುದು ಇಲ್ಲೇ. ಕಂಪನಿ ಕೊಟ್ಟ ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವೂ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದನ್ನು ಪಾಲಿಸಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ.

ಎರಡು: ಕೂಲಂಟ್

"ರೇಡಿಯೇಟರಿಗೆ ನೀರು ಹಾಕಿದರೆ ಸಾಕು" ಅನ್ನುವುದು ಊರಿನಿಂದ ನಾವು ಕಟ್ಟಿಕೊಂಡು ಬಂದ ಅಭ್ಯಾಸ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಸೊನ್ನೆಗೆ ಹೆಪ್ಪುಗಟ್ಟುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಹೆಪ್ಪುಗಟ್ಟುವುದು ಸುಮಾರು ಮೈನಸ್ 37ಕ್ಕೆ. ಮುಚ್ಚಳದ ಒತ್ತಡವೂ ಸೇರಿದಾಗ ಕುದಿಯುವುದು 125 ಡಿಗ್ರಿಗಿಂತ ಮೇಲೆ. ಅಂದ್ರೆ ಟೊರಾಂಟೊದ ಚಳಿಗೂ ದುಬೈನ ಬಿಸಿಲಿಗೂ ಮದ್ದು ಒಂದೇ.

ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಇಂಜಿನ್ ಬ್ಲಾಕನ್ನೇ ಸೀಳಬಲ್ಲದು. ಬೆಂಗಳೂರಿನಲ್ಲಿ ಹೆಪ್ಪುಗಟ್ಟುವ ಭಯ ಇಲ್ಲ ನಿಜ. ಆದರೆ ಬೋರ್‌ವೆಲ್ಲಿನ ಗಡಸು ನೀರು ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವನ್ನು ನೀವೆಲ್ಲ ನೋಡಿದ್ದೀರಿ. ಅದೇ ಪದರ ಇಂಜಿನ್ ಒಳಗೂ ಕಟ್ಟುತ್ತದೆ, ಶಾಖವನ್ನು ಹೊರಗೆ ಬಿಡುವುದಿಲ್ಲ. ತುಕ್ಕು ತಡೆಯುವ ರಾಸಾಯನಿಕಗಳೂ ಬರೀ ನೀರಿನಲ್ಲಿ ಇರುವುದಿಲ್ಲ.

ಮುಳ್ಳು ಕೆಂಪಿಗೆ ಬಂದಾಗ "ಇನ್ನೇನು ಮನೆ ಎರಡೇ ಕಿಲೋಮೀಟರ್" ಅಂತ ಓಡಿಸುವುದಿದೆಯಲ್ಲ, ಅದು ಈ ಪಟ್ಟಿಯಲ್ಲೇ ದುಬಾರಿ ತಪ್ಪು. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿ, ಕೆಳಗಿನ ಗ್ಯಾಸ್ಕೆಟ್ ಹೋಗುತ್ತದೆ. ಗ್ಯಾಸ್ಕೆಟ್ಟಿನ ಬೆಲೆ ಕಮ್ಮಿ, ಇಂಜಿನ್ ಬಿಚ್ಚುವ ಕೂಲಿ ಜಾಸ್ತಿ. ಆದ್ದರಿಂದ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಬಿಸಿಯಿರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ. ಒತ್ತಡ ಇಳಿದ ಕ್ಷಣದಲ್ಲೇ ಒಳಗಿನ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಜೀವಶಾಸ್ತ್ರದವರಾಗಿ ಇನ್ನೊಂದು ಮಾತು ಹೇಳದೆ ಇರೋಕಾಗಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ನಮ್ಮ ಲಿವರ್ ಅದನ್ನು ಹಂತ ಹಂತವಾಗಿ ಆಕ್ಸಾಲಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಗ್ಯಾರೇಜಿನಲ್ಲಿ ಸೋರಿದ ಸ್ವಲ್ಪವೇ ಕೂಲಂಟ್ ನೆಕ್ಕಿದ ಬೆಕ್ಕು ಸಾಯಬಹುದು. ಮಕ್ಕಳಿಗೂ ಅಪಾಯ. ಸೋರಿದ್ದನ್ನು ತಕ್ಷಣ ಒರೆಸಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ.

ಮೂರು: ಬ್ರೇಕ್ ಫ್ಲೂಯಿಡ್

ಇಲ್ಲಿ ದುಡ್ಡಿಗಿಂತ ದೊಡ್ಡದೊಂದು ಪಣಕ್ಕಿದೆ. ಸಾಮಾನ್ಯ ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುವ ಹಾಗೆ. ಹೊಸ ಡಾಟ್ 4 ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ.

ಈಗ ಆಲ್ಪ್ಸ್ ಇಳಿಜಾರನ್ನೋ ಆಗುಂಬೆ ಘಾಟಿಯನ್ನೋ ನೆನಪಿಸಿಕೊಳ್ಳಿ. ಬ್ರೇಕ್ ಒತ್ತಿ ಒತ್ತಿ ಇಳಿಯುವಾಗ ಬಿಸಿ ಏರಿ ಫ್ಲೂಯಿಡ್ ಕುದಿದರೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ಪೆಡಲ್ ಒತ್ತಿದ್ದು ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಚಕ್ರಕ್ಕೆ ತಲುಪುವುದಿಲ್ಲ.

ಮೇಲಿನಿಂದ ಸ್ವಲ್ಪ ತುಂಬಿಸಿದರೆ ಹಳೆಯ ನೀರು ಹೊರಗೆ ಹೋಗುವುದಿಲ್ಲ. ಪೂರ್ತಿ ಬದಲಿಸಬೇಕು, ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ. ಇಲ್ಲದಿದ್ದರೆ ಎಬಿಎಸ್ ಘಟಕದ ಒಳಗೆ ತುಕ್ಕು ಹಿಡಿಯಬಹುದು, ಅದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಘಾಟಿ ಇಳಿಯುವಾಗ ಕಡಿಮೆ ಗೇರಿನಲ್ಲಿ ಇಳಿಯಿರಿ.

ನಾಲ್ಕು: ಬ್ಯಾಟರಿ

ಡಿಸೆಂಬರಿನಲ್ಲಿ ಆರು ವಾರ ಊರಿಗೆ ಹೋಗುತ್ತೇವೆ, ಕಾರು ಹಿಮದಲ್ಲಿ ನಿಂತಿರುತ್ತದೆ. ಅಲಾರಂ, ಕಂಪ್ಯೂಟರ್ ಎಲ್ಲ ಸ್ವಲ್ಪ ಸ್ವಲ್ಪವೇ ಕರೆಂಟ್ ಹೀರುತ್ತವೆ. ಸೀಸ-ಆಮ್ಲ ಬ್ಯಾಟರಿ ಖಾಲಿಯಾಗುತ್ತ ಹೋದ ಹಾಗೆ ಅದರ ಸಲ್ಫ್ಯೂರಿಕ್ ಆಮ್ಲ ಖರ್ಚಾಗಿ ನೀರು ಹುಟ್ಟುತ್ತದೆ. ತುಂಬಿದ ಬ್ಯಾಟರಿ ಎಂಥ ಚಳಿಯನ್ನೂ ತಡೆಯುತ್ತದೆ, ಖಾಲಿಯಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಬಿರುಕು ಬಿಡುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಜಂಪ್ ಸ್ಟಾರ್ಟ್ ಕೊಡಬೇಡಿ, ಸಿಡಿಯಬಹುದು.

"ಪಕ್ಕದ ಮನೆಯವರು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡ್ತಾರೆ" ಅಂತೀರಾ? ಅಷ್ಟರಲ್ಲಿ ಬ್ಯಾಟರಿ ತುಂಬುವುದಿಲ್ಲ, ಆಯಿಲಿಗೆ ನೀರು ಮಾತ್ರ ಸೇರುತ್ತದೆ. ಅದಕ್ಕಿಂತ ಚಾರ್ಜ್ ಕಾಯ್ದುಕೊಳ್ಳುವ ಸಣ್ಣ ಚಾರ್ಜರ್ ಹಾಕಿಡಿ. ಇಲ್ಲವೇ ನಿಮ್ಮ ಕಾರಿನ ಪುಸ್ತಕ ಒಪ್ಪುವುದಾದರೆ, ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಕೇಬಲ್ ಬಿಚ್ಚಿಡಿ.

ಎಲೆಕ್ಟ್ರಿಕ್ ಕಾರಿನವರು ನಗಬೇಡಿ! ನಿಮಗೆ ಇಂಜಿನ್ ಆಯಿಲ್ ಇಲ್ಲದಿರಬಹುದು, ಆದರೆ ಬ್ರೇಕ್ ಫ್ಲೂಯಿಡ್ ಇದೆ, ಕೂಲಂಟ್ ಇದೆ, ಹೆಚ್ಚಿನವುಗಳಲ್ಲಿ 12 ವೋಲ್ಟಿನ ಪುಟ್ಟ ಬ್ಯಾಟರಿಯೂ ಇದೆ.

ಈ ವಾರಾಂತ್ಯ ಒಂದು ಹತ್ತು ನಿಮಿಷ ಬಿಡುವು ಮಾಡಿಕೊಂಡು ಸರ್ವಿಸ್ ಪುಸ್ತಕ ತೆಗೆದು ನೋಡಿ: ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್ ಕೊನೆಯ ಸಲ ಬದಲಿಸಿದ್ದು ಯಾವಾಗ? ಬ್ಯಾಟರಿಗೆ ಎಷ್ಟು ವರ್ಷವಾಯಿತು? ಉತ್ತರ ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಹೊತ್ತಾಗಿದೆ ಅಂತಲೇ ಅರ್ಥ.