ಹೆಡ್ ಎಷ್ಟು ಇಳಿಸಬಹುದು?

ಬೈಕಿನ ಪಿಕಪ್ ಸಾಲದು ಅನ್ನಿಸಿದವರು ಮೊದಲು ಕೈಹಾಕುವುದು ಸೈಲೆನ್ಸರಿಗೆ, ಆಮೇಲೆ ಹೆಡ್ಡಿಗೆ. ಹೆಡ್ ಬಿಚ್ಚಿ, ಲೇತಿಗೆ ಕೊಟ್ಟು, ಮುಖದಿಂದ ಒಂದಿಷ್ಟು ಲೋಹ ಹೆರೆಸಿ ಮತ್ತೆ ಕೂರಿಸುವುದು ದೊಡ್ಡ ಕೆಲಸವಲ್ಲ. ಬಾಗಲಕೋಟೆಯಲ್ಲೂ ಆಗುತ್ತದೆ, ಇಳಕಲ್ಲಿನಲ್ಲೂ ಆಗುತ್ತದೆ. ಕಂಪ್ರೆಷನ್ ಏರುತ್ತದೆ, ಗಾಡಿ ಎಳೆಯುತ್ತದೆ, ಖರ್ಚೂ ಕಡಿಮೆ. ಎಷ್ಟು ಹೆರೆಯಬೇಕು ಎಂದು ಕೇಳಿದರೆ ಮಾತ್ರ ಎಲ್ಲಿಂದಲೋ ಕೇಳಿಬಂದ ಒಂದು ಅಂಕಿ ಉತ್ತರವಾಗುತ್ತದೆ: ಹತ್ತು, ಹತ್ತೂವರೆ, ಧೈರ್ಯವಿದ್ದವರಿಗೆ ಹನ್ನೊಂದು. ಬೆಂಗಳೂರಿಗೆ ಸರಿಹೋದ ಅಂಕಿ ಹುನಗುಂದಕ್ಕೆ ತಪ್ಪಾಗಬಹುದು ಎಂಬುದು ಇಲ್ಲಿಯ ವಾದ. ಇಂಜಿನ್, ಪೆಟ್ರೋಲ್, ಗಾಳಿ, ಹೊರೆ ಈ ನಾಲ್ಕೂ ಸೇರಿ ಸುರಕ್ಷಿತ ಮಿತಿಯನ್ನು ಗೊತ್ತುಮಾಡುತ್ತವೆ. ಆ ಮಿತಿಯನ್ನು ಲೆಕ್ಕ ಹಾಕಬೇಕಾದದ್ದು ವರ್ಷದ ಅತಿ ಕೆಟ್ಟ ಅರ್ಧ ಗಂಟೆಗೆ. ಉಳಿದ ದಿನಗಳು ತಮ್ಮಷ್ಟಕ್ಕೆ ಸಾಗುತ್ತವೆ.

ಮೊದಲು ಅಂಕಿಯ ಹುಟ್ಟು ನೋಡೋಣ. ಪಿಸ್ಟನ್ ತಳದಲ್ಲಿದ್ದಾಗ ಅದರ ಮೇಲಿರುವ ಒಟ್ಟು ಜಾಗವನ್ನು, ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವುದೇ ಕಂಪ್ರೆಷನ್ ರೇಷಿಯೊ. ಸ್ಪ್ಲೆಂಡರಿನ ಸಿಲಿಂಡರ್ 50 ಮಿಲಿಮೀಟರ್ ಅಗಲ, ಪಿಸ್ಟನ್ ಓಡುವುದು 49.5 ಮಿಲಿಮೀಟರ್; ಹಾಗಾಗಿ 97.2 ಸಿಸಿ. ಲೆಕ್ಕಕ್ಕೆ ಅನುಕೂಲವಾಗಲೆಂದು ರೇಷಿಯೊ 9 ಎಂದು ಹಿಡಿದರೆ ಮೇಲೆ ಉಳಿಯುವ ಜಾಗ ಬರೀ 12 ಸಿಸಿ ಚಿಲ್ಲರೆ. ಸಿಲಿಂಡರಿನ ಅಗಲಕ್ಕೆ ಅರ್ಧ ಮಿಲಿಮೀಟರ್ ಹೆರೆದರೆ ಅದರಲ್ಲಿ ಸುಮಾರು ಒಂದು ಸಿಸಿ ಹೋಗಿ ರೇಷಿಯೊ 9.7 ಆಗುತ್ತದೆ, ಪೂರ್ತಿ ಒಂದು ಮಿಲಿಮೀಟರ್ ಹೋದರೆ 10.5. ಅದೇ ಒಂದು ಮಿಲಿಮೀಟರನ್ನು ಹಳೆಯ ಎರಕದ ಕಬ್ಬಿಣದ ಬುಲೆಟ್ 350ರಿಂದ ತೆಗೆಯಿರಿ. ಅದರ ಸಿಲಿಂಡರ್ 70 ಮಿಲಿಮೀಟರ್, ಓಟ 90 ಮಿಲಿಮೀಟರ್, ಕಾರ್ಖಾನೆಯ ರೇಷಿಯೊ 5.5, ಮೇಲಿನ ಜಾಗ 77 ಸಿಸಿ. ರೇಷಿಯೊ 5.5ರಿಂದ 5.7ಕ್ಕೆ ಏರುವುದಕ್ಕೇ ಸುಸ್ತಾಗುತ್ತದೆ. ಒಬ್ಬ ಮೆಕ್ಯಾನಿಕ್ ಬುಲೆಟ್ಟಿನಲ್ಲಿ ಕಲಿತ ಕೈಅಂದಾಜನ್ನು ನೂರು ಸಿಸಿಯ ಹೆಡ್ಡಿಗೆ ಬಳಸಿದರೆ ಏನಾದೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಏರಿಸಿದ್ದರಿಂದ ಸಿಗುವ ಲಾಭವೂ ಒಂದೇ ಸಮನಾಗಿರುವುದಿಲ್ಲ. ಆದರ್ಶ ಇಂಜಿನ್ನಿನ ಸೂತ್ರದ ಪ್ರಕಾರ 5.5ರಲ್ಲಿ ಶೇ. 49ರಷ್ಟು ಶಾಖ ಕೆಲಸವಾಗಿ ಸಿಕ್ಕರೆ 8.5ರಲ್ಲಿ ಶೇ. 57ಕ್ಕಿಂತ ತುಸು ಹೆಚ್ಚು ಸಿಗುತ್ತದೆ. 9ರಿಂದ 10ಕ್ಕೆ ಹೋದರೆ ಸಿಗುವುದು ಇನ್ನು ಶೇ. 1.7, 11ರಿಂದ 12ಕ್ಕೆ ಶೇ. 1.3. ನಿಜವಾದ ಇಂಜಿನ್ನಿನಲ್ಲಿ ಇವೆಲ್ಲ ಇನ್ನೂ ಕಡಿಮೆ. ಹಳೆಯ ಬುಲೆಟ್ಟಿಗೆ ಏರಲು ಜಾಗವಿದೆ. ಅದೇ ಮನೆತನದ 500 ಸಿಸಿ ಬುಲೆಟ್ಟಿಗೆ ಕಾರ್ಖಾನೆಯೇ 6.5 ಕೊಟ್ಟಿತ್ತು. ಈಗಾಗಲೇ 9ರ ಮೇಲಿರುವ ಗಾಡಿಗೆ ಮಾತ್ರ ಪ್ರತಿ ಅರ್ಧ ಅಂಕಕ್ಕೂ ಲಾಭ ಇಳಿಯುತ್ತ, ಅಪಾಯ ಏರುತ್ತ ಹೋಗುತ್ತದೆ.

ಆ ಅಪಾಯದ ಹೆಸರು ನಾಕಿಂಗ್. ಸ್ಪಾರ್ಕ್ ಪ್ಲಗ್ಗಿನಲ್ಲಿ ಹೊತ್ತಿದ ಉರಿ ಸಿಲಿಂಡರಿನ ಆಚೆ ಅಂಚಿಗೆ ಹರಡುವಷ್ಟರಲ್ಲಿ ಅಲ್ಲಿ ಉಳಿದ ಮಿಶ್ರಣ ಎರಡು ಕಡೆಯಿಂದ ಒತ್ತಿಸಿಕೊಂಡಿರುತ್ತದೆ: ಮೊದಲು ಪಿಸ್ಟನ್ನಿನಿಂದ, ಆಮೇಲೆ ಉರಿದು ಹಿಗ್ಗಿದ ಅನಿಲದಿಂದ. ಉರಿ ತಲುಪುವ ಮೊದಲೇ ಅದು ತಾನಾಗಿ ಹೊತ್ತಿಕೊಂಡರೆ ಒತ್ತಡ ಒಮ್ಮೆಲೇ ಏರಿ, ಅಲೆಗಳು ಗೋಡೆಯಿಂದ ಗೋಡೆಗೆ ಬಡಿಯುತ್ತವೆ. ಕೇಳಿಸುವ ಟಣಟಣ ಸದ್ದು ಅದೇ. ಲೋಹಕ್ಕೆ ಅಂಟಿಕೊಂಡು ಅದನ್ನು ಕಾಯುವ ತೆಳು ಅನಿಲದ ಪದರವನ್ನು ಈ ಅಲೆಗಳು ಕಿತ್ತುಹಾಕುತ್ತವೆ. ಶಾಖ ನೇರವಾಗಿ ಅಲ್ಯೂಮಿನಿಯಂ ಪಿಸ್ಟನ್ನಿಗೆ ಇಳಿಯುತ್ತದೆ. ಮೊದಲ ಮಹಾಯುದ್ಧದ ನಂತರ ಹ್ಯಾರಿ ರಿಕಾರ್ಡೊ ಎಂಬ ಇಂಗ್ಲಿಷ್ ಇಂಜಿನಿಯರ್ ರೇಷಿಯೊ ಬದಲಾಯಿಸಬಹುದಾದ ಇಂಜಿನ್ ಕಟ್ಟಿ, ಯಾವ ಇಂಧನ ಎಷ್ಟು ಕಂಪ್ರೆಷನ್ ತಾಳುತ್ತದೆ ಎಂದು ಅಳೆದ. ಅವನ ಪಾಲಿಗೆ ಗರಿಷ್ಠ ರೇಷಿಯೊ ಎಂಬುದು ಇಂಧನದ ಗುಣವಾಗಿತ್ತು. ಇವತ್ತಿಗೂ ಆಕ್ಟೇನ್ ಸಂಖ್ಯೆಯನ್ನು ಅಳೆಯುವುದು ಅಂಥದೇ ಒಂಟಿ ಸಿಲಿಂಡರಿನ ಇಂಜಿನ್ನಿನಲ್ಲಿ, ನಾಕಿಂಗ್ ಬರುವ ತನಕ ಕಂಪ್ರೆಷನ್ ಏರಿಸುತ್ತ.

ಆ ಅಳತೆಯಲ್ಲೇ ನಮ್ಮ ಕಡೆಯ ಬಿಸಿಲಿನ ಸುಳಿವೂ ಅಡಗಿದೆ. ಆಕ್ಟೇನ್ ಪರೀಕ್ಷೆ ಎರಡು ಬಗೆ. ಸೌಮ್ಯ ಪರೀಕ್ಷೆ ನಡೆಯುವುದು 600 ಆರ್‌ಪಿಎಂನಲ್ಲಿ. ಕಠಿಣ ಪರೀಕ್ಷೆಯಲ್ಲಿ ವೇಗ 900 ಆರ್‌ಪಿಎಂ, ಒಳಗೆ ಹೋಗುವ ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಲಾಗುತ್ತದೆ. ನಮ್ಮ ಹಳೆಯ ಸಾಮಾನ್ಯ ಪೆಟ್ರೋಲಿಗೆ ಭಾರತೀಯ ಮಾನಕ ಮೊದಲನೆಯದರಲ್ಲಿ 91 ಕೇಳಿದರೆ ಎರಡನೆಯದರಲ್ಲಿ 81ಕ್ಕೇ ತೃಪ್ತಿಪಡುತ್ತಿತ್ತು. ಪೆಟ್ರೋಲ್ ಅದೇ, ಕಾವು ಬೇರೆ. ಬಂಕಿನ ಫಲಕದಲ್ಲಿ ಬರೆಯುವುದು ದೊಡ್ಡ ಸಂಖ್ಯೆಯನ್ನೇ ಎಂಬುದು ಬೇರೆ ಮಾತು.

ಈಗ ಬಾಗಲಕೋಟೆಯ ಲೆಕ್ಕ. 27 ಡಿಗ್ರಿಯ ಗಾಳಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಒತ್ತಿದರೆ, ಗೋಡೆಗೆ ಸೋರುವ ಶಾಖವನ್ನು ಕಳೆದೂ ಅದು ಸುಮಾರು 400 ಡಿಗ್ರಿ ಮುಟ್ಟುತ್ತದೆ. ಮೇ ತಿಂಗಳ ಮಧ್ಯಾಹ್ನದ 42 ಡಿಗ್ರಿಯ ಗಾಳಿ ಅದೇ 400 ಡಿಗ್ರಿಯನ್ನು 8.7ರಲ್ಲೇ ಮುಟ್ಟುತ್ತದೆ. ಹದಿನೈದು ಡಿಗ್ರಿ ಬಿಸಿಲು ಒಂದು ಅಂಕಕ್ಕೂ ಹೆಚ್ಚು ಕಂಪ್ರೆಷನ್ನಿಗೆ ಸಮ. ಹಾಗೆಂದು ಪೂರ್ತಿ 1.3 ಅಂಕವನ್ನು ಬಿಟ್ಟುಕೊಡಬೇಕಿಲ್ಲ. ಬಿಸಿ ಗಾಳಿ ತೆಳು. ಜೊತೆಗೆ ಬಾಗಲಕೋಟೆ ಸಮುದ್ರಮಟ್ಟದಿಂದ 530 ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕರಾವಳಿಗಿಂತ ಶೇ. 6ರಷ್ಟು ಕಡಿಮೆ. ಸಿಲಿಂಡರಿಗೆ ಹೋಗುವ ಸರಕೇ ಕಡಿಮೆಯಾದಾಗ ಒತ್ತಡವೂ ಇಳಿಯುತ್ತದೆ. ಆದರೆ ಗಾಳಿಯಿಂದಲೇ ತಣಿಯುವ ಇಂಜಿನ್ನಿಗೆ ಬಿಸಿಲು ಎರಡನೆಯ ಪೆಟ್ಟನ್ನೂ ಕೊಡುತ್ತದೆ: ಫಿನ್ನುಗಳನ್ನು ತಣಿಸಬೇಕಾದ ಗಾಳಿಯೂ 42 ಡಿಗ್ರಿ. ಇಳಕಲ್ಲಿನಿಂದ ಹುನಗುಂದಕ್ಕೆ ಹೆದ್ದಾರಿಯಲ್ಲಿ ಗ್ರಾನೈಟ್ ಹೇರಿಕೊಂಡ ಲಾರಿಯ ಹಿಂದೆ ಸಿಕ್ಕಿಬಿದ್ದ ಬೈಕಿಗೆ ಆ ಗಾಳಿಯೂ ಸಿಗುವುದಿಲ್ಲ. ಬಾದಾಮಿ, ಗುಳೇದಗುಡ್ಡದ ಗುಡ್ಡಗಳ ಏರಿನಲ್ಲಿ ಇಬ್ಬರು ಕೂತು, ನಡುವೆ ಸೀರೆಯ ಗಂಟು ಇಟ್ಟುಕೊಂಡು, ಗೇರ್ ಇಳಿಸದೆ ಪೂರ್ತಿ ಎಕ್ಸಲರೇಟರ್ ತಿರುವಿದರೆ ಇನ್ನೂ ಕೆಟ್ಟದ್ದು. ಇಂಜಿನ್ ನಿಧಾನ ತಿರುಗಿದಷ್ಟೂ ಆ ಮೂಲೆಯ ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಹೆಚ್ಚು ಸಮಯ. ಕೂಡಿ ಕಳೆದು ನೋಡಿದರೆ, ತಂಪು ಊರಿನಲ್ಲಿ ನಡೆದುಹೋಗುವ ಅಂಕಿಗಿಂತ ಇಲ್ಲಿ ಅರ್ಧದಿಂದ ಮುಕ್ಕಾಲು ಅಂಕ ಕಡಿಮೆ ಇಡುವುದು ನನಗೆ ಸರಿ ಕಾಣುತ್ತದೆ.

ಯಮಹಾ ಆರ್15ಕ್ಕೆ ಕಾರ್ಖಾನೆಯಿಂದಲೇ 11.6 ಇದೆಯಲ್ಲ, ಅದೂ ಇದೇ ಬಿಸಿಲಲ್ಲಿ ಓಡುತ್ತದಲ್ಲ ಎಂದು ಯಾರಾದರೂ ಕೇಳುವುದು ನ್ಯಾಯವೇ. ಓಡುತ್ತದೆ, ಏಕೆಂದರೆ ಅದರ ಹೆಡ್ಡಿನ ಸುತ್ತ ಕೂಲಂಟ್ ಹರಿಯುತ್ತದೆ. ನಾಲ್ಕು ವಾಲ್ವುಗಳ ನಡುವೆ ಪ್ಲಗ್ ಮಧ್ಯಕ್ಕೆ ಹತ್ತಿರವಿರುವುದರಿಂದ ಉರಿ ಹರಡಬೇಕಾದ ದೂರ ಕಡಿಮೆ. ಪೆಟ್ರೋಲನ್ನು ಅಳೆದು ಸಿಂಪಡಿಸುವುದು, ಸ್ಪಾರ್ಕಿನ ಸಮಯ ಗೊತ್ತುಮಾಡುವುದು ಕಂಪ್ಯೂಟರ್. ಆ ಅಂಕಿ ಈ ಎಲ್ಲದರ ಫಲ. ಎರಡು ವಾಲ್ವಿನ, ಕಾರ್ಬೊರೇಟರಿನ, ಗಾಳಿಗೆ ತಣಿಯುವ ಇಂಜಿನ್ನಿಗೆ ಅಂಕಿಯೊಂದನ್ನೇ ತಂದು ಅಂಟಿಸಿದರೆ ಉಳಿದದ್ದು ಬರುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ಬದಲಿಸಿದವರದು. ಇನ್‌ಲೆಟ್ ವಾಲ್ವ್ ತಳದಲ್ಲೇ ಮುಚ್ಚುವುದಿಲ್ಲ, ಪಿಸ್ಟನ್ ಮೇಲೇರತೊಡಗಿದ ಮೇಲೆ ಮುಚ್ಚುತ್ತದೆ. ಅಲ್ಲಿಯವರೆಗೆ ಒತ್ತುವ ಕೆಲಸ ಶುರುವಾಗಿರುವುದಿಲ್ಲ. ಕ್ರ್ಯಾಂಕ್ 40 ಡಿಗ್ರಿ ತಿರುಗಿದ ಮೇಲೆ ಮುಚ್ಚಿದರೆ ಓಟದ ಹತ್ತನೇ ಒಂದು ಭಾಗದ ಹತ್ತಿರ ಕಳೆದಿರುತ್ತದೆ, 60 ಡಿಗ್ರಿಗೆ ಐದನೇ ಒಂದು. ಮೇಲಿನ ನೂರು ಸಿಸಿ ಲೆಕ್ಕದಲ್ಲಿ ಕಾಗದದ 9 ಎಂಬುದು ಮೊದಲ ಕ್ಯಾಮ್‌ನಲ್ಲಿ ವಾಸ್ತವವಾಗಿ 8.3, ಎರಡನೆಯದರಲ್ಲಿ 7.4. ಎರಡು ಸ್ಟ್ರೋಕಿನ ಇಂಜಿನ್ನುಗಳಲ್ಲಿ ಜಪಾನಿ ಕಂಪನಿಗಳು ಪೋರ್ಟ್ ಮುಚ್ಚಿದ ಮೇಲಿನಿಂದ ರೇಷಿಯೊ ಎಣಿಸುವುದೂ ಇದೇ ಕಾರಣಕ್ಕೆ. ಹಾಗಾಗಿ ರೇಸಿಂಗ್ ಕ್ಯಾಮ್ ಹಾಕಿದವರು ಹೆಚ್ಚು ಕಂಪ್ರೆಷನ್ ಇಟ್ಟುಕೊಳ್ಳಬಹುದು ಎಂಬುದು ನಿಜ. ಆದರೆ ಅದು ನಿಧಾನ ಓಟದಲ್ಲಿ ಸಿಗುವ ವಿನಾಯಿತಿ. ವೇಗ ಏರಿದಾಗ ಗಾಳಿ ತನ್ನ ರಭಸಕ್ಕೇ ಒಳನುಗ್ಗಿ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ, ವಿನಾಯಿತಿ ಕರಗುತ್ತದೆ. ಬೇರೆಯವರ ಕ್ಯಾಮ್‌ನೊಂದಿಗೆ ಹೊಂದಿದ ಅಂಕಿಯನ್ನು ಕಂಪನಿ ಕ್ಯಾಮಿನ ಗಾಡಿಗೆ ತರುವುದಂತೂ ಸಲ್ಲದು.

ಮೂರನೆಯ ಆಕ್ಷೇಪಕ್ಕೆ ಈ ಜಿಲ್ಲೆಯ ನಂಟಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ. 20 ಎಥನಾಲ್ ಬೆರೆತ ಪೆಟ್ರೋಲೇ ಈಗ ಬಂಕಿನ ಮಾಮೂಲಿ ಪೆಟ್ರೋಲ್. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಸೀಮೆಗೆ ಎಥನಾಲ್ ಹೊಸದೇನಲ್ಲ. ಶುದ್ಧ ಎಥನಾಲಿನ ಆಕ್ಟೇನ್ 108ರ ಆಸುಪಾಸು, ಮಿಶ್ರಣದ್ದು 95 ಎಂದು ಸರಕಾರ ಹೇಳುತ್ತದೆ. ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿ ಮಿಶ್ರಣವನ್ನು ತಣಿಸುತ್ತದೆ ಕೂಡ. ಹಾಗಾದರೆ ಬಿಸಿಲು ಕಸಿದದ್ದನ್ನು ಕಬ್ಬು ಮರಳಿ ಕೊಟ್ಟಿತಲ್ಲ? ಅರ್ಧದಷ್ಟು ಒಪ್ಪಬಹುದು. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು, ಈ ಮಿಶ್ರಣಕ್ಕೆ 13.5 ಸಾಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರಿಗೆ ಇದು ಗೊತ್ತಾಗುವುದಿಲ್ಲ. ಅದು ಮೊದಲಿನ ಪ್ರಮಾಣದಲ್ಲೇ ಬಿಡುತ್ತದೆ, ಇಂಜಿನ್ ಶೇ. 8ರಷ್ಟು ಬಡ ಮಿಶ್ರಣದಲ್ಲಿ ಓಡುತ್ತದೆ. ಪೂರ್ತಿ ಎಕ್ಸಲರೇಟರಿನಲ್ಲಿ ಇಂಜಿನ್ನನ್ನು ತಣ್ಣಗಿಡುವುದೇ ತುಸು ಹೆಚ್ಚಾದ ಪೆಟ್ರೋಲ್. ಅದು ಕಡಿಮೆಯಾದರೆ ಹೆಡ್ ಕಾಯುತ್ತದೆ, ಆಕ್ಟೇನಿನ ಲಾಭ ಅಲ್ಲೇ ಕರಗುತ್ತದೆ. ಮೇನ್ ಜೆಟ್ಟಿನ ರಂಧ್ರದ ವಿಸ್ತೀರ್ಣವನ್ನು ಅಷ್ಟೇ ಪಾಲು ಹಿಗ್ಗಿಸಿದವರು ಮಾತ್ರ ಅರ್ಧ ಅಂಕವನ್ನು ಮರಳಿ ಕೇಳಬಹುದು.

ಸ್ಪಾರ್ಕಿನ ಟೈಮಿಂಗ್ ಹಿಂದೆ ಸರಿಸಿ ನಾಕಿಂಗ್ ಅಡಗಿಸಬಹುದು ಎನ್ನುವವರಿಗೆ ಉತ್ತರ ಚಿಕ್ಕದು: ಅಡಗುತ್ತದೆ, ಜೊತೆಗೆ ಕಂಪ್ರೆಷನ್ ಏರಿಸಿ ಗಳಿಸಿದ್ದೂ ಹೋಗುತ್ತದೆ, ಎಕ್ಸಾಸ್ಟ್ ವಾಲ್ವ್ ಹೆಚ್ಚು ಕಾಯುತ್ತದೆ.

ನಾನು ಹಾಕುವ ಗೆರೆ ಹೀಗೆ: ಗಾಳಿಗೆ ತಣಿಯುವ, ಕಂಪನಿ ಕ್ಯಾಮಿನ, ಎರಡು ವಾಲ್ವಿನ ರಸ್ತೆ ಬೈಕಿಗೆ ಈ ಜಿಲ್ಲೆಯ ಊರುಗಳಲ್ಲಿ ಕಾರ್ಖಾನೆಯ ಅಂಕಿಯ ಮೇಲೆ ಅರ್ಧ ಅಂಕ, ಅದೂ ಜೆಟ್ ಬದಲಿಸಿದ ಮೇಲೆ. ಎರಕದ ಹಳೆ ಬುಲೆಟ್ಟಿಗೆ 6.5. ಹೆರೆಯುವ ಮೊದಲು ಅಳೆಯುವುದು ಮುಖ್ಯ. ಪಿಸ್ಟನ್ನನ್ನು ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ ಪ್ಲಗ್ಗಿನ ತೂತು ಮೇಲ್ಮುಖವಾಗುವಂತೆ ಇಂಜಿನ್ನನ್ನು ವಾಲಿಸಿ, ಗುರುತಿರುವ ಸಿರಿಂಜಿನಿಂದ ತೆಳು ಎಣ್ಣೆ ತುಂಬಿ ಎಷ್ಟು ಸಿಸಿ ಹಿಡಿಯಿತು ಎಂದು ನೋಡಬೇಕು. ನೂರು ಸಿಸಿ ಇಂಜಿನ್ನಿನಲ್ಲಿ ಒಂದು ಸಿಸಿ ಎಣ್ಣೆ ತಪ್ಪಿ ಎಣಿಸಿದರೆ ಮುಕ್ಕಾಲು ಅಂಕದ ಹತ್ತಿರ ತಪ್ಪುತ್ತದೆ. ಪಿಸ್ಟನ್ನಿನ ಮೇಲೆ ಕಪ್ಪು ಕಟ್ಟಿದ ಕಾರ್ಬನ್ ಕೂಡ ಜಾಗ ತಿನ್ನುವುದರಿಂದ ಮೊದಲು ಅದನ್ನು ಕೆರೆದಿರಬೇಕು. ಹೆಡ್ ಇಳಿದಷ್ಟು ಟೈಮಿಂಗ್ ಚೈನ್ ಸಡಿಲವಾಗಿ ಕ್ಯಾಮ್ ತುಸು ತಡವಾಗುತ್ತದೆ, ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಕೈಯಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳದೆ ಕಿಕ್ ಹೊಡೆಯಬಾರದು. ಕೆಲಸ ಮುಗಿದ ಮೇಲೆ ಒಂದು ಬಿಸಿ ಮಧ್ಯಾಹ್ನ ಹೊರೆ ಹೇರಿಕೊಂಡು ಏರು ಹತ್ತಿಸಿ, ಅಲ್ಲೇ ಇಂಜಿನ್ ನಿಲ್ಲಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ಅದರ ಬಿಳಿ ಪಿಂಗಾಣಿಯನ್ನು ನೋಡಬೇಕು. ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆಗಳೋ ಮಿನುಗುವ ಅಲ್ಯೂಮಿನಿಯಂ ಕಣಗಳೋ ಕಂಡರೆ, ಕಿವಿಗೆ ಏನೂ ಕೇಳಿಸದಿದ್ದರೂ ನಾಕಿಂಗ್ ಆಗಿದೆ. ಆಗ ದಪ್ಪನೆಯ ಹೆಡ್ ಪ್ಯಾಕಿಂಗ್ ಹಾಕಿ ರೇಷಿಯೊ ಇಳಿಸಬೇಕು. ಅಂಚಿನಲ್ಲಿ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಕಿರಿದಾದ ಸಂದು ಮಿಶ್ರಣವನ್ನು ಕಲಕಿ ನಾಕಿಂಗ್ ತಡೆಯುವ ಜಾಗ. ದಪ್ಪ ಪ್ಯಾಕಿಂಗಿನಿಂದ ಅದು ಹಿಗ್ಗಿ ಅರ್ಧ ಲಾಭ ಹೋಗುತ್ತದೆ. ಹೆಡ್ಡಿನ ಗೂಡನ್ನೇ ಒಳಗಿನಿಂದ ಚೂರು ಕೊರೆದು ಜಾಗ ಹೆಚ್ಚಿಸುವುದು ಅದಕ್ಕಿಂತ ಮೇಲು. ಅದಕ್ಕೆ ಲೇತಿಗಿಂತ ಕೈಹದ ಹೆಚ್ಚು ಬೇಕಾಗುತ್ತದೆ.