ಹಾರುವ ಮುನ್ನ ತಾಳೆ ನೋಡುವವರು

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಪ್ರತಿಭಾ ಪುರಸ್ಕಾರ ಸಮಾರಂಭಗಳಲ್ಲಿ ಇಂಜಿನಿಯರಿಂಗ್ ಸೇರಿದ ಮಕ್ಕಳನ್ನು ಮುಂದೇನು ಎಂದು ಕೇಳಿದರೆ, ಹೆಚ್ಚಿನವರು ಸಾಫ್ಟ್‌ವೇರ್ ಕಂಪೆನಿ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಅದೇ ಸಾಫ್ಟ್‌ವೇರ್, ಅದೇ ಎಲೆಕ್ಟ್ರಾನಿಕ್ಸ್ ಕಲಿತವರು ಯುದ್ಧವಿಮಾನದ ಸಿಸ್ಟಮ್ಸ್ ಇಂಜಿನಿಯರ್ ಆಗಬಹುದು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಆ ಕೆಲಸ ಏನೆಂದು ಅರಿಯಲು ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ತೇಜಸ್‌ನ ಹೊಣೆ ಹೊತ್ತ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ 1984ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಡಾ. ಕೋಟ ಹರಿನಾರಾಯಣ ಅವರು ಯೋಜನೆಯ ನಿರ್ದೇಶಕರಾಗಿದ್ದರು. ಮೊದಲ ವಿಮಾನ 1995ರ ನವೆಂಬರ್‌ನಲ್ಲಿ ಹ್ಯಾಂಗರಿನಿಂದ ಹೊರಬಂತು. ಆದರೆ ಹಾರಿದ್ದು 2001ರ ಜನವರಿ 4ರಂದು! ಐದು ವರ್ಷಕ್ಕೂ ಮಿಕ್ಕಿ ಅದು ನೆಲದ ಮೇಲೆಯೇ ಇತ್ತು. ಸರಕಾರಿ ಕೆಲಸ ಹೀಗೆಯೇ ಎಂದು ಆಡಿಕೊಂಡವರಿಗೆ ಲೆಕ್ಕವಿಲ್ಲ. ನಿಜಸಂಗತಿ ಬೇರೆ.

ತೇಜಸ್ ತಾನಾಗಿ ನೆಟ್ಟಗೆ ಹಾರುವ ವಿಮಾನವಲ್ಲ. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರಚಿಸಲಾಗಿದೆ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ರೆಕ್ಕೆಯ ಅಂಚುಗಳನ್ನು ಸರಿಪಡಿಸುತ್ತಿರಬೇಕು, ಇಲ್ಲವಾದರೆ ಪೈಲಟ್ ಎಷ್ಟೇ ನಿಪುಣನಾದರೂ ಅದನ್ನು ಹಿಡಿತದಲ್ಲಿಡಲಾರ. ಆದುದರಿಂದ ನಿಯಂತ್ರಣಕ್ಕೆ ನಾಲ್ಕು ಸಮಾನಾಂತರ ದಾರಿಗಳಿವೆ. ನಾಲ್ಕೂ ಪರಸ್ಪರ ಹೋಲಿಸಿ ನೋಡುತ್ತವೆ. ಮೂರು ಒಂದು ಮಾತು, ಒಂದು ಬೇರೆ ಮಾತು ಹೇಳಿದರೆ ಆ ಒಂದನ್ನು ಬದಿಗಿಟ್ಟು ವಿಮಾನ ಮುಂದುವರಿಯುತ್ತದೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಬ್ಯಾಂಕ್ ಸೇರಿದ ನನ್ನಂಥವನಿಗೆ ಇದು ಅರ್ಥವಾದದ್ದು ಲೆಡ್ಜರಿನ ಭಾಷೆಯಲ್ಲಿಯೇ. ನಮ್ಮಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕಬಹುದು. ಅಲ್ಲಿ ಆಕಾಶದಲ್ಲಿ ಹುಡುಕಲು ಸಮಯವಿಲ್ಲ. ಎಲ್ಲ ತಾಳೆಯೂ ನೆಲದ ಮೇಲೆಯೇ ಮುಗಿಯಬೇಕು.

ಈ ನಿಯಂತ್ರಣ ಸೂತ್ರಗಳಿಗಾಗಿ 1992ರಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಪ್ರತ್ಯೇಕ ತಂಡವೇ ರಚನೆಯಾಗಿತ್ತು. ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪೆನಿಯ ಸಹಕಾರವೂ ಇತ್ತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ನಡೆಯಿತು, ಅಮೆರಿಕ ದಿಗ್ಬಂಧನ ಹೇರಿತು, ಅಲ್ಲಿ ದುಡಿಯುತ್ತಿದ್ದ ನಮ್ಮ ಇಂಜಿನಿಯರರು ಹಿಂದಿರುಗಬೇಕಾಯಿತು. ಉಳಿದ ಕೆಲಸವನ್ನು ಬೆಂಗಳೂರಿನಲ್ಲಿಯೇ ಮುಗಿಸಿದರು. ವಿಮಾನದ ನಿಯಂತ್ರಣ ಭಾಗಗಳನ್ನೆಲ್ಲ ನೆಲದ ಮೇಲೆ ಜೋಡಿಸಿ ಪರೀಕ್ಷಿಸುವ 'ಐರನ್ ಬರ್ಡ್' ಎಂಬ ಚೌಕಟ್ಟಿನಲ್ಲಿ ಮತ್ತೆ ಮತ್ತೆ ಪರೀಕ್ಷೆ ನಡೆಯಿತು. ಕೊನೆಗೆ ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು 18 ನಿಮಿಷ ಹಾರಿಸಿ ಸುರಕ್ಷಿತವಾಗಿ ಇಳಿಸಿದರು.

ಸಿಸ್ಟಮ್ಸ್ ಇಂಜಿನಿಯರ್ ಎಂದರೆ ರೆಕ್ಕೆ ಮಾಡುವವನಲ್ಲ, ಇಂಜಿನ್ ಮಾಡುವವನೂ ಅಲ್ಲ. ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವವನು. ಹೊಸ ರಾಡಾರ್ ಬೇಕು ಎಂದು ವಾಯುಪಡೆ ಕೇಳಿತೆನ್ನಿ. ರಾಡಾರಿಗೆ ವಿದ್ಯುತ್ ಬೇಕು, ಅದರ ಬಿಸಿ ತಣಿಸಲು ವ್ಯವಸ್ಥೆ ಬೇಕು. ಮೂಗಿನ ತೂಕ ಬದಲಾದರೆ ವಿಮಾನದ ಸಮತೋಲ ಬದಲಾಗುತ್ತದೆ, ಆಗ ನಿಯಂತ್ರಣ ಸೂತ್ರಗಳನ್ನು ಮರುಪರಿಶೀಲಿಸಬೇಕು. ಒಂದು ವಿಭಾಗದ ಸಣ್ಣ ತಿದ್ದುಪಡಿ ಹತ್ತು ವಿಭಾಗಗಳ ಕಡತ ತೆರೆಸುತ್ತದೆ. ಹಿರಿಯ ಇಂಜಿನಿಯರರು ಈ ಹತ್ತೂ ಮಂದಿಯನ್ನು ಒಂದೇ ಮೇಜಿಗೆ ಕರೆದು ಒಪ್ಪಿಸಬೇಕು, ಒಪ್ಪಿಗೆಯಾಗದಿದ್ದರೆ 'ಇಂದು ಹಾರುವುದು ಬೇಡ' ಎನ್ನಬೇಕು. ಮಂತ್ರಿಗಳು ಬಂದು ಕುಳಿತಿರುವ ದಿನ ಹಾಗೆನ್ನುವುದು ಸುಲಭವಲ್ಲ ಎಂದು ನನ್ನ ಅನಿಸಿಕೆ.

ಇಷ್ಟೆಲ್ಲ ಎಚ್ಚರದಿಂದ ಮೊದಲ ಹಾರಾಟದ ಬಳಿಕ 23 ವರ್ಷ ಒಂದು ತೇಜಸ್ ಕೂಡ ಬೀಳಲಿಲ್ಲ. 2024ರ ಮಾರ್ಚ್‌ನಲ್ಲಿ ಜೈಸಲ್ಮೇರ್ ಬಳಿ ಒಂದು ಬಿತ್ತು, ಪೈಲಟ್ ಪಾರಾದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ಇನ್ನೊಂದು ಬಿದ್ದಾಗ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಪ್ರಾಣ ತೆತ್ತರು. ಟಿವಿಯಲ್ಲಿ ಅದನ್ನು ಕಂಡ ನಮಗೇ ಎದೆ ಝಲ್ಲೆಂದಿತು, ವರ್ಷಗಟ್ಟಲೆ ಅದರ ಕಡತಗಳಿಗೆ ಸಹಿ ಹಾಕಿದವರ ಮನಸ್ಸು ಹೇಗಿದ್ದೀತು?

ಆಸಕ್ತಿಯಿರುವ ಮಕ್ಕಳು ಏರೋನಾಟಿಕ್ಸನ್ನೇ ಓದಬೇಕೆಂದಿಲ್ಲ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಮೆಕ್ಯಾನಿಕಲ್ ಪದವೀಧರರಿಗೂ ಅವಕಾಶವಿದ್ದು, ಡಿಆರ್‌ಡಿಒ ವಿಜ್ಞಾನಿಗಳ ನೇಮಕಾತಿಯಲ್ಲಿ ಗೇಟ್ ಪರೀಕ್ಷೆಯ ಅಂಕ ಮುಖ್ಯ. ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ತಯಾರಾದ ಮೊದಲ ತೇಜಸ್ ಮಾರ್ಕ್-1ಎ 2025ರ ಅಕ್ಟೋಬರ್ 17ರಂದು ಹಾರಿತು. ಅಂದಹಾಗೆ, ಎಚ್‌ಎಎಲ್‌ಗೆ ಮೂಲವಾದ ಕಾರ್ಖಾನೆಯನ್ನು 1940ರಲ್ಲಿ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಆರಂಭಿಸಿದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್.

ಪಾಲಕರು ಒಂದು ವಿಷಯ ಮಾತ್ರ ಗಮನದಲ್ಲಿಡಬೇಕು: ಇಲ್ಲಿ ಫಲ ಕಾಣಲು ಬಹಳ ಕಾಲ ಬೇಕು. ತೇಜಸ್‌ನ ಮೊದಲ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ರಚನೆಯಾದದ್ದು 2016ರ ಜುಲೈ 1ರಂದು, ಅದೂ ಎರಡೇ ವಿಮಾನಗಳೊಂದಿಗೆ. 1984ರಲ್ಲಿ 25ರ ಹರೆಯದಲ್ಲಿ ಸೇರಿದವರಿಗೆ ಆಗ 57 ವರ್ಷ. 30ರಲ್ಲಿ ಸೇರಿದವರು ಅಷ್ಟರಲ್ಲಿ ನಿವೃತ್ತರಾಗಿದ್ದರು.