ಯಮುನೆಯಲ್ಲಿ ತಂತಿ ಕಪ್ಪಾಗುತ್ತದೆ

ಅವರ ಪೆಟ್ಟಿಗೆಯಲ್ಲಿ ತಾಮ್ರದ ತಂತಿಯ ಎರಡು ತುಂಡುಗಳಿವೆ. ಒಂದು ಕಡಲತೀರದ ಗಂಗೊಳ್ಳಿಯದು, ಹಸಿರು ಹಿಡಿದಿದೆ. ಇನ್ನೊಂದು ದಿಲ್ಲಿಯದು, ಮಸಿಯಂತೆ ಕಪ್ಪು. “ಅದು ಉಪ್ಪಿನ ಕೆಲಸ, ಇದು ಚರಂಡಿ ಕೆಲಸ” ಎಂದು ಎರಡನ್ನೂ ನನ್ನ ಅಂಗೈ ಮೇಲಿಟ್ಟರು.

ಕುಂದಾಪುರ ಕಡೆಯವರೊಬ್ಬರು ದಿಲ್ಲಿಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಾರೆ ಎಂದು ಕೇಳಿ ಯಮುನೆಯ ದಂಡೆಗೆ ಹೋಗಿದ್ದೆ. ಹೆಸರೂ ಬೇಡ, ಯಾರಿಗಾಗಿ ಕೆಲಸ ಎಂಬುದೂ ಬೇಡ ಎಂಬ ಷರತ್ತಿನ ಮೇಲೆ ಮಾತಿಗೆ ಕೂತರು. ಸಮುದ್ರವಿಲ್ಲದ ಊರಿಗೆ ದೋಣಿ ಎಂಜಿನ್ ಯಾಕೆ ಎನ್ನುವವರು 2023ರ ಜುಲೈ 13ನ್ನು ನೆನೆಯಬೇಕು. ಅಂದು ಹಳೇ ರೈಲು ಸೇತುವೆಯ ಬಳಿ ಯಮುನೆ 208.66 ಮೀಟರ್‌ಗೆ ಏರಿ, 1978ರ 207.49 ಮೀಟರ್‌ನ ದಾಖಲೆಯನ್ನು ಮುರಿದಿತ್ತು. ಕಾಶ್ಮೀರಿ ಗೇಟ್ ಹತ್ತಿರ ರಿಂಗ್ ರಸ್ತೆಯೇ ಹೊಳೆಯಾಗಿತ್ತು. ಗಾಜಿಯಾಬಾದ್‌ನಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) 8ನೇ ಬೆಟಾಲಿಯನ್ ಇದೆ; ರಬ್ಬರ್ ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಥ ಎಂಜಿನ್ನಿಗೆ ರಕ್ಷಣಾ ದಳಗಳಲ್ಲಿ ‘ಓಬಿಎಂ’ (ಔಟ್‌ಬೋರ್ಡ್ ಮೋಟಾರ್) ಎಂದೇ ಹೆಸರು.

ಚರಿತ್ರೆ ಬೇಕೆಂದರೆ ಇಷ್ಟು: ನಾರ್ವೆಯಲ್ಲಿ ಹುಟ್ಟಿದ ಓಲೆ ಎವಿನ್‌ರೂಡ್ 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಇದನ್ನು ವ್ಯಾಪಾರಕ್ಕೆ ತಂದ. ಅವನ ಹೆಸರಿನ ಎಂಜಿನ್ 2020ರಲ್ಲಿ ನಿಂತುಹೋಯಿತು. ಇವರಿಗೆ ಆ ಚರಿತ್ರೆ ಬೇಕಿಲ್ಲ. ಅಪ್ಪನ ನಾಡದೋಣಿಯಲ್ಲಿ ಪೆಟ್ರೋಲ್‌ನಿಂದ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುತ್ತಿದ್ದ ಎಂಜಿನ್ನೇ ಇವರ ಶಾಲೆ.

ಎಂಜಿನ್ ಕೈಕೊಟ್ಟರೆ ಮೊದಲು ಮುಚ್ಚಳ ಬಿಚ್ಚುವುದಿಲ್ಲ. ಚಾಲಕನ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೆಂಪು ಸುರುಳಿ ಹಗ್ಗ ನೋಡುತ್ತಾರೆ. ಅವನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಲೆಂದು ಅದರ ತುದಿಯಲ್ಲೊಂದು ಕ್ಲಿಪ್ ಇರುತ್ತದೆ. ಆ ಕ್ಲಿಪ್ ಕೂದಲೆಳೆಯಷ್ಟು ಜಾರಿದರೂ ಸ್ಟಾರ್ಟ್ ಮಾಡುವ ಹಗ್ಗ ಎಳೆದೆಳೆದು ತೋಳು ಸೋಲಬೇಕೇ ಹೊರತು ಕಿಡಿ ಹುಟ್ಟುವುದಿಲ್ಲ. ಒಮ್ಮೆ ಮೂವರು ಸೇರಿ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಒರೆಸಿ ಕೂರಿಸಿದ್ದರಂತೆ. ಕೊನೆಗೆ ಇವರು ಕ್ಲಿಪ್ ಒತ್ತಿದರು, ಹಗ್ಗ ಎಳೆದರು, ಎಂಜಿನ್ ಕೆಮ್ಮಿ ಎದ್ದಿತು. ಹೇಳುವಾಗ ನಕ್ಕರು; ಆ ಮೂವರಲ್ಲಿ ತಾನೂ ಒಬ್ಬ ಎಂದು ಆಮೇಲೆ ಸೇರಿಸಿದರು.

ಕ್ಲಿಪ್ ಸರಿಯಿದ್ದರೆ ಕಿಡಿಯ ಪರೀಕ್ಷೆ. ಪೆಟ್ರೋಲ್ ಹಬೆ ಇಲ್ಲದ ಕಡೆ, ಪ್ಲಗ್ಗನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಗ್ಗ ಎಳೆಯುತ್ತಾರೆ. ನೀಲಿ ಕಿಡಿ ಚಟ್ಟೆಂದರೆ ಕರೆಂಟಿನ ತಪ್ಪಲ್ಲ, ಎಣ್ಣೆಯ ಕಡೆ ನೋಡಬೇಕು. ಕಿಡಿಯೇ ಇಲ್ಲವಾದರೆ ಸ್ಟಾಪ್ ಸ್ವಿಚ್ಚಿನ ತಂತಿ ಕಳಚುತ್ತಾರೆ. ಆಗ ಕಿಡಿ ಬಂದರೆ ಕಳ್ಳ ಸ್ವಿಚ್ಚಿನಲ್ಲಿದ್ದಾನೆ. ಆಮೇಲೂ ಬಾರದಿದ್ದರೆ ಫ್ಲೈವೀಲಿನ ಕೆಳಗಿನ ಕಾಯಿಲ್, ಕಡೆಗೆ ಕಿಡಿ ಹೊಮ್ಮಿಸುವ ಸಿಡಿಐ ಪೆಟ್ಟಿಗೆ. ಅದನ್ನು ಬಿಚ್ಚುವಂತಿಲ್ಲ, ಬದಲಿಸಬೇಕು ಅಷ್ಟೆ. ಈ ಮಾತು ಹೇಳುವಾಗ ಮುಖ ಸಪ್ಪಗಾಯಿತು.

ದೊಡ್ಡ ದೋಣಿಗಳಿಗೆ ಬ್ಯಾಟರಿ ಇರುತ್ತದೆ. ಕೆಲವೊಮ್ಮೆ ಕೀ ತಿರುಗಿಸಿದರೆ ಬರೀ ಟಕ್ ಟಕ್. ಎಲ್ಲರೂ ಬ್ಯಾಟರಿ ಸತ್ತಿತು ಎನ್ನುತ್ತಾರೆ, ಮೀಟರಿಟ್ಟರೆ 12.6 ವೋಲ್ಟ್, ಚೆನ್ನಾಗೇ ಇರುತ್ತದೆ. ಇವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಇಟ್ಟು ಕೀ ತಿರುಗಿಸಲು ಹೇಳುತ್ತಾರೆ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್ ದಾಟಿತೆಂದರೆ ಅರ್ತಿಂಗ್ ಕೆಟ್ಟಿದೆ. “ಕರೆಂಟ್ ಹೋಪು ದಾರಿ ಎಲ್ಲರೂ ಕಾಂತ್ರ್ ಮಾರಾಯ್ರೆ. ಬಪ್ಪು ದಾರಿ ಯಾರೂ ಕಾಂಬುದಿಲ್ಲೆ.”

ಆ ಬರುವ ದಾರಿಯನ್ನೇ ಯಮುನೆ ಕಪ್ಪಾಗಿಸುವುದು. 1,376 ಕಿಲೋಮೀಟರ್ ಉದ್ದದ ನದಿ ವಜೀರಾಬಾದ್‌ನಿಂದ ಓಖ್ಲಾವರೆಗೆ ಹರಿಯುವುದು ಬರೀ 22 ಕಿಲೋಮೀಟರ್. ಅದರ ಕೊಳಕಿನ ಮುಕ್ಕಾಲು ಪಾಲು ಸೇರುವುದು ಅಲ್ಲೇ. ಆ ನೀರಿನಿಂದೇಳುವ ಕೊಳೆತ ಮೊಟ್ಟೆ ವಾಸನೆಯ ಅನಿಲ ತಾಮ್ರವನ್ನು ತಿನ್ನುತ್ತದೆ. ನೊಯ್ಡಾದಲ್ಲಿ ನಾಲೆಯ ಪಕ್ಕದ ಮನೆಗಳವರು ಏಸಿಯ ಕಾಯಿಲ್ ಮತ್ತೆ ಮತ್ತೆ ತೂತಾಗುತ್ತದೆಂದು ಗೊಣಗುವುದೂ ಇದಕ್ಕೇ. ಬೋಲ್ಟ್ ಬಿಚ್ಚಿ, ತಂತಿಯ ತುದಿಯನ್ನು ಮರಳುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರುತ್ತಾರೆ. ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದವರು ಹೊಸ ಬ್ಯಾಟರಿ ತರಿಸುತ್ತಾರೆ.

ಆದರೆ ಇವರ ತಕರಾರು ನೀರಿನ ಮೇಲಲ್ಲ, ಗೋದಾಮಿನ ಮೇಲೆ. ಹತ್ತು ತಿಂಗಳು ಮುಚ್ಚಿಟ್ಟ ಎಂಜಿನ್ನನ್ನು ಮಳೆ ಬಂದ ದಿನ ಎಳೆದರೆ ಅದು ಏಳುವುದಿಲ್ಲ. ನೀರು ತುಂಬಿದ ಡ್ರಮ್ಮಿನಲ್ಲಿ ಕಾಲಿಳಿಸಿ ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ ಎಂದು ಇವರು ಬೇಡಿಕೊಳ್ಳುತ್ತಾರೆ. ದಿಲ್ಲಿ, ಗಾಜಿಯಾಬಾದ್, ನೊಯ್ಡಾಗಳಲ್ಲಿ ದೋಣಿಯ ಜವಾಬ್ದಾರಿ ಹೊತ್ತವರು ಯಾರಾದರೂ ಇದನ್ನು ಓದಿದರೆ ಈ ಒಂದು ಮಾತನ್ನಾದರೂ ನಡೆಸಿಕೊಡಲಿ.

ಮುಂದಿನ ಮಳೆಗಾಲದ ಹೊತ್ತಿಗೆ ಅವರು ಗಂಗೊಳ್ಳಿಗೆ ಮರಳಿರುತ್ತಾರೆ. ಪೆಟ್ಟಿಗೆಯನ್ನು ಇಲ್ಲಿ ಯಾರ ಕೈಗೆ ಕೊಡುವುದೆಂದು ಇನ್ನೂ ತೀರ್ಮಾನವಾಗಿಲ್ಲ.